ಐನ್‌ಸ್ಟೈನ್ ಸೋತಿಲ್ಲ, ಲೇಸರ್ ಕಡಗ ಕೊಳ್ಳಬೇಡಿ

ಪ್ರಶ್ನೆ: ಹೈಡ್ರೋಜನ್‌ನಿಂದ ಎಲೆಕ್ಟ್ರಾನ್ ಕೀಳಲು 13.6 ಎಲೆಕ್ಟ್ರಾನ್ ವೋಲ್ಟ್ ಶಕ್ತಿ ಬೇಕು. 800 ನ್ಯಾನೊಮೀಟರ್ ಲೇಸರಿನ ಒಂದು ಫೋಟಾನಿನಲ್ಲಿ, ಅಂದರೆ ಬೆಳಕಿನ ಒಂದು ಕಣದಲ್ಲಿ, ಇರುವುದು ಬರೀ 1.55. ಆದರೂ ಎಲೆಕ್ಟ್ರಾನ್ ಹೊರಬರುತ್ತದಂತೆ. ಒಂದು ಫೋಟಾನಿನ ಶಕ್ತಿ ಸಾಲದಿದ್ದರೆ ಎಲೆಕ್ಟ್ರಾನ್ ಹೊರಬರದು ಎಂದು ಐನ್‌ಸ್ಟೈನ್ ಹೇಳಿದ್ದು ತಪ್ಪಾ?

ತಪ್ಪಲ್ಲ. ಈ ಪ್ರಶ್ನೆ ಮತ್ತೆ ಮತ್ತೆ ಬರುತ್ತದೆ, ಜೊತೆಗೆ ‘ಐನ್‌ಸ್ಟೈನ್ ಸೋತರು’ ಅನ್ನುವ ವಿಡಿಯೊ ಬೇರೆ! ಐನ್‌ಸ್ಟೈನರ ಆ 1905ರ ಲೆಕ್ಕ ಮಂದ ಬೆಳಕಿನದು. ಅಲ್ಲಿ ಎಲೆಕ್ಟ್ರಾನಿಗೆ ಒಂದು ಸಲಕ್ಕೆ ಒಂದೇ ಫೋಟಾನ್ ಸಿಗುತ್ತದೆ. ಬೆಳಕನ್ನು ಒಂದು ಚುಕ್ಕಿಯೊಳಗೆ ಒತ್ತಿ ತುಂಬಿದರೆ ಒಂಬತ್ತು ಫೋಟಾನ್ ಒಟ್ಟಿಗೆ ನುಂಗಬಹುದು. ಕೂಡಿ ನೋಡಿ, 13.95 ಆಗುತ್ತದೆ. ಎಲೆಕ್ಟ್ರಾನುಗಳು ಹಸಿವಿಗಿಂತ ಜಾಸ್ತಿಯೇ ನುಂಗುತ್ತವೆ ಎಂದು 1979ರಲ್ಲಿ ಭೌತವಿಜ್ಞಾನಿ ಪಿಯೆರ್ ಅಗೊಸ್ಟಿನಿ ಅವರ ತಂಡ ತೋರಿಸಿತು.

ಬೆಳಕು ಇನ್ನೂ ಜೋರಾದರೆ ಫೋಟಾನ್ ಎಣಿಸುತ್ತ ಕೂರುವುದರಲ್ಲಿ ಅರ್ಥವಿಲ್ಲ. ಎಲೆಕ್ಟ್ರಾನನ್ನು ಒಳಗೆ ಹಿಡಿದಿಟ್ಟ ಗೋಡೆಯನ್ನೇ ಬೆಳಕಿನ ವಿದ್ಯುತ್ ಕ್ಷೇತ್ರ ಒಂದು ಕಡೆಗೆ ಬಗ್ಗಿಸುತ್ತದೆ. ತೆಳುವಾದ ಗೋಡೆಯಲ್ಲಿ ಎಲೆಕ್ಟ್ರಾನ್ ಸೋರಿ ಆಚೆ ಹೋಗುತ್ತದೆ. ಸೋವಿಯತ್ ಭೌತವಿಜ್ಞಾನಿ ಕೆಲ್ಡಿಶ್ ಇದರ ಲೆಕ್ಕವನ್ನು 1964ರಲ್ಲೇ ಹಾಕಿದ್ದರು.

ವಿದ್ಯಾರ್ಥಿಗಳು ಎಡವುವುದು ಇಲ್ಲೇ. ಬೆಳಕಿನ ಕ್ಷೇತ್ರ ನ್ಯೂಕ್ಲಿಯಸ್ಸಿನ ಸೆಳೆತಕ್ಕೆ ಸಮನಾಗಬೇಕು, ಅಂದರೆ ಚದರ ಸೆಂಟಿಮೀಟರಿಗೆ 350 ಕೋಟಿ ಕೋಟಿ ವಾಟ್ ಬೇಕು ಎಂದುಕೊಳ್ಳುತ್ತಾರೆ. ಬೇಡ. ದೂರ ಹೋದಂತೆ ಸೆಳೆತ ಸಡಿಲವಾಗುತ್ತದಲ್ಲ, ಗೋಡೆ ಕುಸಿಯುವುದು ಆ ಕಡೆಯಲ್ಲಿ. 1.4 ಕೋಟಿ ಕೋಟಿಗೇ, ಅಂದರೆ 250 ಪಟ್ಟು ಕಡಿಮೆಗೇ, ಹೈಡ್ರೋಜನ್ನಿನ ಕತೆ ಮುಗಿದಿರುತ್ತದೆ.

ನನಗೆ ಇಷ್ಟವಾದ ಭಾಗ ಇದರ ಮುಂದಿನದು. ಕ್ಷೇತ್ರ 1.3 ಫೆಮ್ಟೊಸೆಕೆಂಡಿಗೊಮ್ಮೆ (ಒಂದು ಫೆಮ್ಟೊಸೆಕೆಂಡ್ ಅಂದರೆ ಸೆಕೆಂಡಿನ 10 ಕೋಟಿ ಕೋಟಿಯಲ್ಲಿ ಒಂದು ಪಾಲು) ದಿಕ್ಕು ತಿರುಗಿಸುತ್ತದೆ. ಹೊರಟ ಎಲೆಕ್ಟ್ರಾನುಗಳಲ್ಲಿ ಕೆಲವು ವಾಪಸ್ ಬಂದು ತಮ್ಮದೇ ಅಯಾನಿಗೆ, ಅಂದರೆ ತಾವು ಬಿಟ್ಟು ಬಂದ ಪರಮಾಣುವಿಗೆ, ಬಡಿಯುತ್ತವೆ. ಓಡಿ ಗಳಿಸಿದ ಶಕ್ತಿಯನ್ನೆಲ್ಲ ಒಂದೇ ಮಿಂಚಾಗಿ ಚೆಲ್ಲುತ್ತವೆ. 1993ರಲ್ಲಿ ಭೌತವಿಜ್ಞಾನಿ ಪಾಲ್ ಕಾರ್ಕಮ್ ಇದನ್ನು ಸರಳವಾಗಿ ಬಿಡಿಸಿಟ್ಟರು. ಅಂಥ ಮಿಂಚುಗಳೇ ಅಟೊಸೆಕೆಂಡ್ ಪಲ್ಸ್ (ಅಟೊಸೆಕೆಂಡ್ ಅಂದರೆ ಫೆಮ್ಟೊಸೆಕೆಂಡಿನ ಸಾವಿರದ ಒಂದು ಪಾಲು). 2023ರ ನೊಬೆಲ್ ಅಗೊಸ್ಟಿನಿ, ಕ್ರೌಸ್, ಲುಯಿಲಿಯೆ ಮೂವರಿಗೆ ಬಂದದ್ದು ಇವುಗಳ ಕೆಲಸಕ್ಕೇ.

ನಂಬಿಕೆ ಬರಲಿಲ್ಲವೇ? ಬೆಳಕಿನ ಕ್ಷೇತ್ರ ಹಿಂದೆ ಮುಂದೆ ಆಡುವ ಬದಲು ವೃತ್ತಾಕಾರದಲ್ಲಿ ತಿರುಗುವಂತೆ ಮಾಡಿದರೆ ಎಲೆಕ್ಟ್ರಾನಿಗೆ ಮನೆ ದಾರಿ ತಪ್ಪುತ್ತದೆ. ಮಿಂಚೂ ಮಾಯ.

ಪ್ರಶ್ನೆ: ಇದರಿಂದ ಪರಮಾಣು ಬಾಂಬ್ ತರಹ ಏನಾದರೂ ಆಗುತ್ತದಾ?

ಇಲ್ಲ. ಹೋಗುವುದು ಎಲೆಕ್ಟ್ರಾನ್, ನ್ಯೂಕ್ಲಿಯಸ್ ಇದ್ದಲ್ಲೇ ಇರುತ್ತದೆ.

ಪ್ರಶ್ನೆ: ಪೆಟಾವಾಟ್ ಲೇಸರ್ ಹಚ್ಚಿದರೆ ಊರಿನ ಕರೆಂಟ್ ಹೋಗುವುದಿಲ್ಲವೇ?

ಒಂದು ಪೆಟಾವಾಟ್, ಅಂದರೆ 10 ಕೋಟಿ ಕೋಟಿ ವಾಟ್, ಆದರೆ ಉರಿಯುವುದು 25 ಫೆಮ್ಟೊಸೆಕೆಂಡ್. ಗುಣಿಸಿ, 25 ಜೂಲ್. ಒಂದು ಕಿಲೊ ಅಕ್ಕಿಯನ್ನು ಅಟ್ಟಕ್ಕೆ ಎತ್ತಿಡುವಷ್ಟು.

ಪ್ರಶ್ನೆ: ‘ಕ್ವಾಂಟಂ ಲೇಸರ್ ಕಡಗ’ ದೇಹದ ಪರಮಾಣುಗಳನ್ನು ಚುರುಕು ಮಾಡುತ್ತದಂತೆ?

ಮಾಡಿದ್ದರೆ ಕೈ ಸುಡುತ್ತಿತ್ತು. ಸುಟ್ಟಿಲ್ಲ ಅಂದರೆ ದುಡ್ಡು ಮಾತ್ರ ಹೋಗಿದೆ. ಮಾರುವವರಿಗೆ ನಾಚಿಕೆಯಿಲ್ಲ, ಡಾಕ್ಟರ ಮಾತ್ರೆ ಬಿಟ್ಟು ಇದನ್ನು ತೊಡುವವರನ್ನು ಕಂಡರೆ ನನಗೆ ಭಯ.

ಪ್ರಶ್ನೆ: ಹತ್ತು ಲೇಸರ್ ಪಾಯಿಂಟರ್ ಒಟ್ಟಿಗೆ ಕಟ್ಟಿ ಎಲೆಕ್ಟ್ರಾನ್ ಕೀಳುವುದನ್ನು ಮನೆಯಲ್ಲೇ ಮಾಡಬಹುದಾ?

ಕೋಟಿಗಟ್ಟಲೆ ಪಟ್ಟು ಸಾಲದು. ಸುಮ್ನೆ ಕಣ್ಣು ಕಳೆದುಕೊಳ್ಳುತ್ತೀರಿ. ನಾನು ಇವತ್ತಿಗೂ ಲ್ಯಾಬಿನ ಬಾಗಿಲಲ್ಲೇ ಉಂಗುರ, ಗಡಿಯಾರ ಬಿಚ್ಚಿಡುತ್ತೇನೆ, ಬೆಳಕು ಅದಕ್ಕೆ ತಾಗಿ ಎತ್ತ ಹಾರುತ್ತದೋ ಹೇಳಲಾಗದು. 800 ನ್ಯಾನೊಮೀಟರ್ ಬೆಳಕು ಕಣ್ಣಿಗೆ ಮಂಕು ಕೆಂಪಾಗಿ ಅಷ್ಟೇ ಕಾಣುತ್ತದೆ. ರೆಪ್ಪೆ ತಾನಾಗಿ ಮುಚ್ಚಿಕೊಳ್ಳುವುದಿಲ್ಲ, ರೆಟಿನಾ ಮಾತ್ರ ಸುಡುತ್ತದೆ.