ಬೆಳಕಿನ ಪಜಲ್ ಅಂದರೆ ಬರೀ ಕನ್ನಡಿ ತಿರುಗಿಸುವುದಾ?

ಅಡ್ವೆಂಚರ್ ಗೇಮ್‌ಗಳಲ್ಲಿ ಬೆಳಕಿನ ಕಿರಣದ ಪಜಲ್ (ಕಿರಣವನ್ನು ಗುರಿಗೆ ತಲುಪಿಸಿದರೆ ಬಾಗಿಲು ತೆರೆಯುವಂಥದ್ದು) ಪದೇ ಪದೇ ಯಾಕೆ ಬರುತ್ತದೆ, ಕನ್ನಡಿ ತಿರುಗಿಸುವುದು ಬಿಟ್ಟು ಅದರಲ್ಲಿ ಬೇರೇನಾದರೂ ಇದೆಯಾ ಅಂತ ಕೇಳಿದ್ದೀರಿ. ಇದೆ. ಈ ಬಗೆಯ ಪಜಲ್ ಅಂದರೆ ನನಗೆ ಪ್ರಾಣ, ಸ್ವಲ್ಪ ಬಿಡಿಸಿಯೇ ಹೇಳುತ್ತೇನೆ.

ಪದೇ ಪದೇ ಬರುವುದಕ್ಕೆ ಕಾರಣ ಸರಳ. ಬೆಳಕು ನೇರ ಹೋಗುತ್ತದೆ, ಕನ್ನಡಿ ಸಿಕ್ಕರೆ ತಿರುಗುತ್ತದೆ, ಗೋಡೆ ಬಂದರೆ ನಿಲ್ಲುತ್ತದೆ. ಇದನ್ನು ಯಾರಿಗೂ ಹೇಳಿಕೊಡಬೇಕಿಲ್ಲ. ಎಲ್ಲಿ ತಪ್ಪಿತು ಅನ್ನುವುದೂ ಕಣ್ಣೆದುರೇ ಕಾಣುತ್ತದೆ. ಗೇಮ್ ಮಾಡುವವರಿಗೂ ಲೆಕ್ಕ ಕಷ್ಟವಲ್ಲ. 1987ರಲ್ಲೇ ಡಿಫ್ಲೆಕ್ಟರ್ ಅನ್ನುವ ಗೇಮ್ ಪೂರ್ತಿ ಲೇಸರ್ ಮತ್ತು ಕನ್ನಡಿಗಳ ಮೇಲೇ ನಿಂತಿತ್ತು, ಅದೂ ಆಗಿನ ಪುಟ್ಟ ಹೋಮ್ ಕಂಪ್ಯೂಟರ್‌ಗಳಲ್ಲಿ.

ಎಷ್ಟೋ ಗೇಮ್‌ಗಳಲ್ಲಿ ಕನ್ನಡಿ ಕೆಲವೇ ಕೋನಗಳಲ್ಲಿ ಟಕ್ ಅಂತ ನಿಲ್ಲುತ್ತದೆ, ಗಮನಿಸಿದ್ದೀರಲ್ವಾ? ಕನ್ನಡಿ 1 ಡಿಗ್ರಿ ತಿರುಗಿದರೆ ಕಿರಣ 2 ಡಿಗ್ರಿ ತಿರುಗುತ್ತದೆ. 20 ಮೀಟರ್ ಆಚೆ ಅದು ಸುಮಾರು 70 ಸೆಂಟಿಮೀಟರ್ ಪಕ್ಕಕ್ಕೆ ಸರಿದಿರುತ್ತದೆ. ಕಂಟ್ರೋಲರ್‌ನಲ್ಲಿ ಅಷ್ಟು ನಾಜೂಕಾಗಿ ತಿರುಗಿಸಿ ಅಂದರೆ ಯಾರಿಗಾದರೂ ಸಿಟ್ಟು ಬರುತ್ತದೆ. ಅದಕ್ಕೇ ಕೋನಗಳನ್ನು ಮೊದಲೇ ಗೊತ್ತು ಮಾಡಿರುತ್ತಾರೆ. ಆದರೆ ಹೀಗೆ ಮಾಡಿದರೆ ಇನ್ನೊಂದು ತೊಂದರೆ. ಏನೂ ಯೋಚಿಸದೆ ಎಲ್ಲ ಕನ್ನಡಿಗಳನ್ನೂ ಸುಮ್ನೆ ತಿರುಗಿಸುತ್ತಾ ಹೋದರೂ ಬಾಗಿಲು ತೆರೆದುಬಿಡುತ್ತದೆ. ಬೇಜಾರು ತರಿಸುವುದು ಇಂಥ ಪಜಲ್‌ಗಳೇ.

ನನ್ನ ಪ್ರಕಾರ, ಕನ್ನಡಿ ನೆಲ ಬಿಟ್ಟು ಆಡುವವರ ಕೈಗೆ ಬಂದಾಗ ಮಜಾ ಶುರು. ಜೆಲ್ಡಾ ಸರಣಿಯ ಒಕರೀನಾ ಆಫ್ ಟೈಮ್‌ನಲ್ಲಿ (1998) ಮಿರರ್ ಶೀಲ್ಡ್, ಅಂದರೆ ಕನ್ನಡಿಯ ಗುರಾಣಿ, ಸಿಗುತ್ತದೆ. ಬಿಸಿಲು ಬೀಳುವ ಜಾಗದಲ್ಲಿ ನಿಂತು ಗುರಾಣಿಯಿಂದ ಬೆಳಕನ್ನು ಗೋಡೆಯ ಸೂರ್ಯನ ಮುಖಕ್ಕೆ ಹಾಯಿಸಬೇಕು. ಆಮೇಲೆ ಅದೇ ಗುರಾಣಿಯಲ್ಲಿ ಮಾಟಗಾತಿಯರ ಬೆಂಕಿಯನ್ನೂ ಮಂಜನ್ನೂ ತಿರುಗಿಸಿ ಹೊಡೆಯುತ್ತೀರಿ. ಪಜಲ್‌ನಲ್ಲಿ ಕಲಿತದ್ದೇ ಜಗಳಕ್ಕೂ ಆಯಿತು. ಅದೇ ಸರಣಿಯ ವಿಂಡ್ ವೇಕರ್‌ನಲ್ಲಿ ಮೆಡ್ಲಿ ಎಂಬ ಜೊತೆಗಾತಿ ತನ್ನ ಹಾರ್ಪ್ ಎಂಬ ತಂತಿವಾದ್ಯದಿಂದ ಬೆಳಕು ತಿರುಗಿಸುತ್ತಾಳೆ. ಕೈಗೆ ಸಿಗದ ದೆವ್ವಗಳು ಆ ಬೆಳಕು ಬಿದ್ದ ಮೇಲೆ ಏಟಿಗೆ ಸಿಗುತ್ತವೆ.

ಪೋರ್ಟಲ್ 2 (2011) ಇನ್ನೂ ಒಂದು ಹೆಜ್ಜೆ ಮುಂದೆ. ಮೊದಲ ಪೋರ್ಟಲ್‌ನಲ್ಲಿ ಪುಟಿಯುವ ಶಕ್ತಿಯ ಉಂಡೆ ಇತ್ತು. ಅದು ಗುರಿ ತಲುಪುವವರೆಗೆ ಕಾಯಬೇಕು, ಸಮಯ ತಪ್ಪಿದರೆ ಮತ್ತೆ ಮೊದಲಿಂದ. ಎರಡನೆಯದರಲ್ಲಿ ಲೇಸರ್ ಬಂತು. ಲೇಸರ್‌ನ ದಿಕ್ಕು ಬದಲಿಸುವ ಕ್ಯೂಬ್ ಅನ್ನು ಸ್ವಲ್ಪ ತಿರುಗಿಸಿದರೆ ಫಲ ಆ ಕ್ಷಣವೇ ಕಾಣುತ್ತದೆ. ಕಿರಣ ಪೋರ್ಟಲ್ (ಎರಡು ಜಾಗಗಳನ್ನು ಜೋಡಿಸುವ ರಂಧ್ರ) ಒಳಗೂ ನುಗ್ಗುತ್ತದೆ, ಗನ್ ಇರುವ ಟರೆಟ್ ಯಂತ್ರಗಳನ್ನೂ ಸುಡುತ್ತದೆ.

ನನ್ನ ಪಾಲಿಗೆ ಎಲ್ಲಕ್ಕಿಂತ ಮೇಲೆ ನಿಲ್ಲುವುದು ದಿ ಟಾಲೋಸ್ ಪ್ರಿನ್ಸಿಪಲ್ (2014). ಅಲ್ಲಿ ಕನ್ನಡಿಯೇ ಇಲ್ಲ, ಕಿರಣವನ್ನು ಹಿಡಿದು ಮುಂದೆ ಕಳಿಸುವ ಮೂರು ಕಾಲಿನ ಕನೆಕ್ಟರ್ ಇದೆ. ಎಲ್ಲಿಂದ ಎಲ್ಲಿಗೆ ಅಂತ ನೀವು ಗುರುತು ಮಾಡಿ ಕೆಳಗಿಟ್ಟರೆ ಸಾಕು, ಕೋನದ ತಲೆನೋವು ಪೂರ್ತಿ ಹೋಯಿತು. ಉಳಿಯುವುದು ಜಾಗದ ಪ್ರಶ್ನೆ ಮಾತ್ರ. ಕೆಂಪು ಕಿರಣವೂ ನೀಲಿ ಕಿರಣವೂ ಅಡ್ಡ ಹಾದರೆ ಒಂದನ್ನೊಂದು ಕಡಿಯುತ್ತವೆ. ನೀವು ನಡುವೆ ನಡೆದರೂ ಕಿರಣ ಕಡಿಯುತ್ತದೆ. ಕನೆಕ್ಟರ್ ಅನ್ನು ಪೆಟ್ಟಿಗೆಯ ಮೇಲೆ ಇಟ್ಟರೆ ಅದೇ ಕಿರಣ ತಲೆಯ ಮೇಲಿಂದ ಹೋಗುತ್ತದೆ! ಅಂದರೆ ಕಿರಣ ಎಲ್ಲಿಗೆ ತಲುಪಬೇಕು ಅನ್ನುವಷ್ಟೇ, ದಾರಿಯಲ್ಲಿ ಏನನ್ನು ತಡೆಯುತ್ತದೆ ಅನ್ನುವುದೂ ಮುಖ್ಯ. ಬರೀ ಕನ್ನಡಿ ತಿರುಗಿಸುವ ಪಜಲ್‌ಗಳಲ್ಲಿ ಈ ಎರಡನೇ ಅರ್ಧವೇ ಇರುವುದಿಲ್ಲ.

ಮೊದಲು ಪೋರ್ಟಲ್ 2 ಆಡಿ, ಆಮೇಲೆ ಟಾಲೋಸ್. ಅಲ್ಲಿ ಸಿಕ್ಕಿಹಾಕಿಕೊಂಡರೆ ಬೆಳಕು ಹುಟ್ಟುವ ಕಡೆಯಿಂದ ಯೋಚಿಸಬೇಡಿ. ಅದು ಮುಟ್ಟಬೇಕಾದ ಜಾಗದಲ್ಲಿ ಹೋಗಿ ನಿಂತು ಸುತ್ತ ನೋಡಿ. ಅಲ್ಲಿಂದ ನೇರ ಕಾಣುವ ಜಾಗಗಳು ಕೆಲವೇ ಇರುತ್ತವೆ, ಕೊನೆಯ ಕನೆಕ್ಟರ್ ಅವುಗಳಲ್ಲೇ ಒಂದರಲ್ಲಿ ಕೂರಬೇಕು.