ಪ್ರತಿಕ್ರಿಯೆ: ಹತ್ತೇ ನಿಮಿಷದಲ್ಲಿ ನಟರ ಪೋರ್ಟ್ರೇಟ್, ಎಲ್ಲದರಲ್ಲೂ ಅದೇ ಪೋಸ್ಟರ್ ನಗು

ನಟರ ಪೋರ್ಟ್ರೇಟ್‌ಗೆ ಹತ್ತೇ ನಿಮಿಷ ಸಿಗುತ್ತೆ, ಎಲ್ಲದರಲ್ಲೂ ಅದೇ ಪೋಸ್ಟರ್ ನಗು ಬರುತ್ತೆ ಅಂದಿರಲ್ಲ, ತಪ್ಪು ಬಹುಶಃ ಲೈಟಿಂಗ್‌ನದಲ್ಲ. ಕ್ಯಾಮೆರಾ ಮುಂದೆ ನಟರಿಗೆ ಬೇರೆ ಕೆಲಸವೇ ಇಲ್ಲ, ಅದಕ್ಕೇ ರೂಢಿಯ ನಗು ಹಾಕಿಕೊಳ್ಳುತ್ತಾರೆ. ನಾನೂ ಇದರಲ್ಲೇ ಒದ್ದಾಡಿದ್ದೆ.

ಅವರು ಬರುವ ಮುಂಚೆಯೇ ಬೇರೆ ಯಾರನ್ನಾದರೂ ನಿಲ್ಲಿಸಿ ಲೈಟು, ಎಕ್ಸ್‌ಪೋಷರ್ (ಕ್ಯಾಮೆರಾಗೆ ಬೀಳುವ ಬೆಳಕಿನ ಅಳತೆ) ಎಲ್ಲ ಮುಗಿಸಿಡಿ. ಮೊದಲ ನಾಲ್ಕೈದು ಕ್ಲಿಕ್ ಆ ನಗುವಿಗೇ ಬಿಡಿ, ಮ್ಯಾನೇಜರ್‌ಗೆ ಬೇಕಾಗಿರುವುದು ಅದೇ ಅಲ್ವಾ.

ಆಮೇಲೆ ಮೈಗೆ ಕೆಲಸ ಕೊಡಿ. ಫೋಟೊಗ್ರಾಫರ್ ಫಿಲಿಪ್ ಹಾಲ್ಸ್‌ಮನ್ ದೊಡ್ಡ ದೊಡ್ಡ ತಾರೆಯರನ್ನೇ ಜಿಗಿಸುತ್ತಿದ್ದರು. ಗಮನ ಜಿಗಿತದ ಮೇಲಿದ್ದಾಗ ಮುಖ ಕಾಯ್ದುಕೊಳ್ಳಲು ಆಗುವುದಿಲ್ಲ. ಜಿಗಿಯಲ್ಲ ಅಂದರೆ ಇನ್ನೊಬ್ಬ ಫೋಟೊಗ್ರಾಫರ್ ಇರ್ವಿಂಗ್ ಪೆನ್ ದಾರಿ ಇದೆ: 1948ರ ಸುಮಾರಿಗೆ ಅವರು ಎರಡು ಹಲಗೆ ಕೂಡಿಸಿ ಇಕ್ಕಟ್ಟಾದ ಮೂಲೆ ಮಾಡಿ, ಅದರೊಳಗೆ ಜನರನ್ನು ನಿಲ್ಲಿಸಿದರು. ನೀವು ಎರಡು ಥರ್ಮಾಕೋಲ್ ಹಲಗೆಯಲ್ಲೇ ಮಾಡಬಹುದು. ಒಬ್ಬರು ಒರಗುತ್ತಾರೆ, ಇನ್ನೊಬ್ಬರು ಮುದುಡುತ್ತಾರೆ. ನೀವು ಏನೂ ಹೇಳಬೇಕಿಲ್ಲ.

1941ರಲ್ಲಿ ಫೋಟೊಗ್ರಾಫರ್ ಯೂಸುಫ್ ಕಾರ್ಷ್, ಬ್ರಿಟನ್ ಪ್ರಧಾನಿ ಚರ್ಚಿಲ್ ಬಾಯಿಂದ ಸಿಗಾರ್ ಕಿತ್ತು ಆ ಗಡಸು ಮುಖ ಹಿಡಿದರು. ಅದನ್ನು ಮಾತ್ರ ಸುಮ್ನೆ ಅನುಕರಿಸಬೇಡಿ, ನಿಮ್ಮನ್ನು ಮತ್ತೆ ಕರೆಯುವುದಿಲ್ಲ!

ಕೊನೆಗೆ "ಆಯ್ತು" ಎಂದು ಕ್ಯಾಮೆರಾ ಇಳಿಸಿ. ಅವರ ಭುಜ ಸಡಿಲವಾದ ಕೂಡಲೇ "ಇನ್ನೊಂದೇ" ಎಂದು ಕ್ಲಿಕ್ ಮಾಡಿ. ಪಳಗಿದ ನಟರ ಹತ್ತಿರ ಇದು ಸದಾ ನಡೆಯುತ್ತೆ ಅನ್ನಲಾರೆ. ಅಂಥವರಿಗೆ ಪೆನ್ ಅವರ ಆ ಮೂಲೆಯೇ ಜಾಸ್ತಿ ಗ್ಯಾರಂಟಿ.