ಸಕ್ಕರೆ ಬೇಡ, ಮೊದಲು ಮರದ ಬುಡ ನೋಡಿ

ಕ್ರಿಸ್‌ಮಸ್ ಮರ ತಂದು ಮೂರು ದಿನವಾಯಿತು, ಸ್ಟ್ಯಾಂಡಿಗೆ ಹಾಕಿದ ನೀರು ಹಾಗೇ ಇದೆ, ಎಲೆ ಮಾತ್ರ ಉದುರುತ್ತಿದೆ, ನೀರಿಗೆ ಸಕ್ಕರೆ ಹಾಕಲಾ ಅಂತ ಕೇಳಿದ್ದೀರಿ. ಸಕ್ಕರೆ ಬೇಡ. ಆಸ್ಪಿರಿನ್, ಜೇನು ಯಾವುದೂ ಬೇಡ, ಬರೀ ನೀರು ಸಾಕು. ತೊಂದರೆ ಇರುವುದು ಬುಡದಲ್ಲಿ.

ಕಡಿದ ಜಾಗದಲ್ಲಿ ರಾಳ ಒಸರಿ ಕೆಲವೇ ಗಂಟೆಗಳಲ್ಲಿ ನೀರಿನ ದಾರಿ ಮುಚ್ಚಿಬಿಡುತ್ತದೆ. ನಾನು ಮೊದಲ ಸಲ ಮರ ತಂದಾಗ ಇಡೀ ರಾತ್ರಿ ಗೋಡೆಗೆ ಒರಗಿಸಿಟ್ಟು, ಬೆಳಿಗ್ಗೆ ಹಾಗೇ ಸ್ಟ್ಯಾಂಡಿಗೆ ನಿಲ್ಲಿಸಿದ್ದೆ. ವಾರದ ಮೇಲೆ ಎತ್ತಿ ನೋಡಿದರೆ ಬುಡಕ್ಕೆಲ್ಲ ಜೇನಿನ ಬಣ್ಣದ ಪದರ, ಕೆರೆದರೆ ಉಗುರಿಗೆ ಅಂಟುತ್ತಿತ್ತು. ಪಾಪ, ಮರ ನೀರಿನಲ್ಲಿ ನಿಂತೇ ಒಣಗಿತ್ತು.

ಹಾಗಾಗಿ ಇವತ್ತೇ ಅಲಂಕಾರವೆಲ್ಲ ಬಿಚ್ಚಿ, ಮರ ಮಲಗಿಸಿ, ಬುಡದಿಂದ ಸುಮಾರು 2 ಸೆಂ.ಮೀ. ಗರಗಸದಲ್ಲಿ ನೇರವಾಗಿ ಕೊಯ್ಯಿರಿ. ಓರೆಯಾಗಿ ಕೊಯ್ದರೆ ಮರ ಸರಿಯಾಗಿ ನಿಲ್ಲುವುದಿಲ್ಲ. ಕೊಯ್ದ ತಕ್ಷಣ ನೀರಿಗಿಡಿ. ಸ್ಟ್ಯಾಂಡಿನೊಳಗೆ ಹೋಗಲಿಲ್ಲ ಅಂತ ಸುತ್ತಲಿನ ತೊಗಟೆ ಮಾತ್ರ ಕೆತ್ತಬೇಡಿ, ನೀರು ಮೇಲೇರುವುದೇ ತೊಗಟೆಯ ಕೆಳಗೇ ಇರುವ ಮರದ ಹೊರಪದರದಲ್ಲಿ. ನಡುವೆ ತೂತು ಕೊರೆದರೂ ಪ್ರಯೋಜನವಿಲ್ಲ.

ಕಾಂಡ 10 ಸೆಂ.ಮೀ. ದಪ್ಪವಿದ್ದರೆ ಸ್ಟ್ಯಾಂಡ್ ಸುಮಾರು 4 ಲೀಟರ್ ನೀರು ಹಿಡಿಯುವಂತಿರಲಿ. ಮೊದಲ ದಿನಗಳಲ್ಲಿ ಮರ ತುಂಬಾ ಕುಡಿಯುತ್ತದೆ, ಬೆಳಿಗ್ಗೆ ಸಂಜೆ ಎರಡು ಹೊತ್ತೂ ನೋಡಿ. ಕೊಯ್ದ ಭಾಗ ನೀರಿನಿಂದ ಮೇಲೆ ಬಂದು ಒಣಗಿತೋ, ಮತ್ತೆ ರಾಳ ಕಟ್ಟುತ್ತದೆ.

ಎಲೆ ಉದುರುವುದರಲ್ಲೂ ವ್ಯತ್ಯಾಸವಿದೆ. ಒಳಗಿನ ಕಂದು ಸೂಜಿಗಳು, ಅಂದರೆ ಸೂಜಿಯಂಥ ಎಲೆಗಳು, ಹಳೆಯವು, ಅವು ಉದುರಲಿ ಬಿಡಿ. ಕೊಂಬೆಯ ತುದಿಯನ್ನು ಮೃದುವಾಗಿ ಹಿಡಿದು ಕೈ ಎಳೆದುಕೊಳ್ಳಿ. ಅಂಗೈ ತುಂಬ ಹಸಿರು ಸೂಜಿ ಬಂದರೆ ಮರ ಒಣಗಿದೆ ಅಂತಲೇ ಲೆಕ್ಕ. ಹೊಸದಾಗಿ ಕೊಯ್ದ ಮೇಲೂ ನೀರು ಕುಡಿಯದೆ ಹೀಗೇ ಉದುರುತ್ತಿದ್ದರೆ ದಯವಿಟ್ಟು ಲೈಟ್ ಹಾಕಬೇಡಿ, ಮನೆಯಿಂದ ಹೊರಗೆ ಹಾಕಿ. ಒಣಗಿದ ಮರಕ್ಕೆ ಕಿಡಿ ತಗುಲಿದರೆ ಒಂದು ನಿಮಿಷದೊಳಗೆ ಕೋಣೆಯೆಲ್ಲ ಹೊತ್ತಿಕೊಳ್ಳಬಹುದು. ಅದನ್ನು ಒಲೆಗೂ ಹಾಕಬೇಡಿ.

ಮರದ ಮೇಲೆ ನಿಜವಾದ ಮೇಣದಬತ್ತಿ ಹಚ್ಚುವ ಆಸೆ ಇದೆ ಅಂದಿರಿ. ಬೇಡವೇ ಬೇಡ, ಫೋಟೋಗೆ ಅಂತ ಒಂದು ಕ್ಷಣಕ್ಕೂ ಬೇಡ. ಎಡಿಸನ್ ಜೊತೆಗಾರ ಎಡ್ವರ್ಡ್ ಜಾನ್ಸನ್ 1882ರಲ್ಲಿ ನ್ಯೂಯಾರ್ಕಿನ ತನ್ನ ಮನೆಯ ಮರಕ್ಕೆ ವಿದ್ಯುತ್ ದೀಪ ತೊಡಿಸಿದ, ಇವತ್ತಿಗೂ ನಾವು ಬೆಂಕಿಯ ಆಸೆ ಬಿಡುತ್ತಿಲ್ಲ. ಎಲ್‌ಇಡಿ ಸರ ಹಾಕಿ, ಅದು ಹಳೆಯ ಬಲ್ಬಿನಷ್ಟು ಬಿಸಿಯಾಗುವುದಿಲ್ಲ. ಸುತ್ತುವ ಮೊದಲು ವೈರನ್ನು ಬೆರಳಲ್ಲಿ ಸವರುತ್ತಾ ಬನ್ನಿ, ಎಲ್ಲಾದರೂ ತಾಮ್ರ ಕಂಡರೆ ಆ ಸರ ಎಸೆದುಬಿಡಿ. ಮಲಗುವಾಗ, ಹೊರಗೆ ಹೋಗುವಾಗ ಪ್ಲಗ್ ತೆಗೆಯಿರಿ. ಹೀಟರ್, ಒಲೆಯಿಂದ ಮರ ಕನಿಷ್ಠ 1 ಮೀಟರ್ ದೂರವಿರಲಿ, ಬಾಗಿಲಿಗೆ ಅಡ್ಡ ಬರಬಾರದು.

ಭಾರದ ಆಭರಣಗಳನ್ನು ಕಾಂಡದ ಹತ್ತಿರ ಕಟ್ಟಿ. ಬೆಕ್ಕು ಇದ್ದರೆ ಮಿರುಗುವ ಎಳೆಗಳನ್ನು ಬಿಟ್ಟೇಬಿಡಿ, ನುಂಗಿದರೆ ಕರುಳಿಗೆ ಸಿಕ್ಕಿಕೊಂಡು ಜೀವಕ್ಕೇ ಕುತ್ತು.

ಬುಡ ಕೊಯ್ದು ನಿಲ್ಲಿಸಿ, ನೀರಿನ ಮಟ್ಟಕ್ಕೆ ಒಂದು ಗುರುತು ಹಾಕಿಡಿ. ನಾಳೆ ಬೆಳಿಗ್ಗೆಗೆ ಎಷ್ಟು ಇಳಿದಿದೆ ಅಂತ ಇಲ್ಲೇ ಬರೆಯಿರಿ, ಕಾಯುತ್ತಿರುತ್ತೇನೆ.